ಹಳ್ಳಿಯು ಹಲ್ಲಿಯಾಗುವ ಬಗೆ: ಗಣಕಯಂತ್ರದಲ್ಲಿ ಲಿಪ್ಯಂತರ

ಕೆಲವು ತಿಂಗಳ ಕೆಳಗೆ ಒಂದು ಸಂಜೆ, ದೊಡ್ಡಬಳ್ಳಾಪುರದ ಬಳಿಯ ಹಳ್ಳಿಯೊಂದರಿಂದ ನಮಗೆ ಪರಿಚಿತರಾದ ವೃದ್ಧೆಯೊಬ್ಬರು ನಮ್ಮ ಮನೆಗೆ ಬಂದರು. ಬಂದವರು ಚೀಲದಿಂದ ಎರಡು ಕಾಗದಗಳನ್ನು ಜೋಪಾನವಾಗಿ ತೆಗೆದು ಜಗಲಿಯ ಮೇಲೆ ಹರಡಿದರು. ಒಂದು, ಯಜಮಾನರ ಕಾಲಾನಂತರ ಅವರ ಹೆಸರಿಗೆ ಬಂದ ಎರಡು ಎಕರೆ ಹೊಲದ ಪಹಣಿ. ಇನ್ನೊಂದು, ಅವರ ಗುರುತಿನ ಚೀಟಿ. ಆ ಹೊಲವೇ ಅವರ ಜೀವನಾಧಾರ. ಅದರ ಸಂಬಂಧವಾಗಿ ಕೈಸೇರಬೇಕಾಗಿದ್ದ ಸ್ವಲ್ಪ ಹಣವು ಕಚೇರಿಯೊಂದರಲ್ಲಿ ನಿಂತುಹೋಗಿದೆ. ಕಾರಣವೇನೆಂದರೆ, ಪಹಣಿಯಲ್ಲಿರುವ ಹೆಸರೂ ಚೀಟಿಯಲ್ಲಿರುವ ಹೆಸರೂ ಒಂದಲ್ಲವಂತೆ.

“ಇದ್ರಲ್ಲಿರೋಳೂ ನಾನೇ, ಅದ್ರಲ್ಲಿರೋಳೂ ನಾನೇ ಕಣಪ್ಪ. ಇಬ್ರು ಅಂತಾರೆ. ಹಂಗಾದ್ರೆ ಆ ಇನ್ನೊಬ್ಳು ಯಾರಪ್ಪ?” ಎಂದು ಅವರು ಕೇಳಿದರು.

ನಾವು ಕನ್ನಡಕವನ್ನೇರಿಸಿ ನೋಡಿದೆವು. ವ್ಯತ್ಯಾಸವಿದ್ದುದು ಒಂದೇ ಅಕ್ಷರದಲ್ಲಿ. ಪಹಣಿಯಲ್ಲಿ ಳಕಾರವಿದ್ದ ಕಡೆ ಚೀಟಿಯಲ್ಲಿ ಲಕಾರವಿದ್ದಿತು. ಆ ತಾಯಿಯ ನಿಜವಾದ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ನಮ್ಮ ಸೀಮೆಯಲ್ಲಿ ಅಪರೂಪವಲ್ಲದ ‘ಕಾಳಮ್ಮ’ ಎಂಬ ಹೆಸರನ್ನೇ ದೃಷ್ಟಾಂತಕ್ಕೆ ಇಟ್ಟುಕೊಳ್ಳೋಣ. ಕಾಳಮ್ಮನವರು ಚೀಟಿಯಲ್ಲಿ ಕಾಲಮ್ಮನವರಾಗಿದ್ದರು. ಈ ತಪ್ಪನ್ನು ಯಾವ ಗುಮಾಸ್ತನೂ ಬೇಕೆಂದು ಮಾಡಿದುದಲ್ಲ. ಹೆಸರು ಕನ್ನಡದಿಂದ ಇಂಗ್ಲಿಷ್ ಅಕ್ಷರಕ್ಕೂ ಅಲ್ಲಿಂದ ಮರಳಿ ಕನ್ನಡಕ್ಕೂ ಪ್ರಯಾಣಮಾಡಿತು. ಹೋಗುವಾಗ ಒಂದು ಗಂಟನ್ನು ಕಳೆದುಕೊಂಡು ಬರಿಗೈಯಲ್ಲಿ ಹಿಂದಿರುಗಿತು. ಈ ಪ್ರಯಾಣವನ್ನು ಮಾಡಿಸಿದುದು ಗಣಕಯಂತ್ರ. ಅದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಎಡವದಂತೆ ನಾವು ಗೃಹಸ್ಥರು ಮಾಡಬಹುದಾದುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಳೆಯ ವಿದ್ಯೆ

ಭಾಷಾಂತರವೆಂದರೆ ಎಲ್ಲರಿಗೂ ಗೊತ್ತು. ಒಂದು ಭಾಷೆಯ ಅರ್ಥವನ್ನು ಮತ್ತೊಂದು ಭಾಷೆಯಲ್ಲಿ ಹೇಳುವುದು. ಲಿಪ್ಯಂತರವು ಅದಲ್ಲ. ಇಲ್ಲಿ ಮಾತು ಅದೇ, ಉಚ್ಚಾರವೂ ಅದೇ. ಬರೆಯುವ ಅಕ್ಷರಗಳು ಮಾತ್ರ ಬೇರೆ. ತೆಲುಗು ಕೀರ್ತನೆಯನ್ನು ಕನ್ನಡಾಕ್ಷರದಲ್ಲಿ ಬರೆದುಕೊಂಡು ಹಾಡುವ ಗೃಹಿಣಿಯು ಲಿಪ್ಯಂತರವನ್ನೇ ಮಾಡುತ್ತಿರುವಳು. ಸಂಸ್ಕೃತ ಸ್ತೋತ್ರಗಳನ್ನು ಕನ್ನಡಾಕ್ಷರದ ಪುಸ್ತಕದಿಂದ ಪಠಿಸುವವರೆಲ್ಲರೂ ಅದರ ಫಲವನ್ನು ಉಣ್ಣುತ್ತಿರುವರು. ಆದುದರಿಂದ ಇದು ಯಂತ್ರದೊಡನೆ ಹುಟ್ಟಿದ ವಿದ್ಯೆಯಲ್ಲ.

ನಮ್ಮ ಸೀಮೆಯ ಮಟ್ಟಿಗೆ ಹೇಳುವುದಾದರೆ ಇದಕ್ಕೊಂದು ದೊಡ್ಡ ಸಾಕ್ಷಿಯುಂಟು. ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರಷ್ಟೆ. ಅದರ ಒಂಬತ್ತನೆಯ ಸಂಪುಟವು ೧೯೦೫ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಈ ನಾಲ್ಕು ತಾಲ್ಲೂಕುಗಳೂ ಆ ಜಿಲ್ಲೆಯವೇ. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಿದಾಗ ಅದಕ್ಕೆ ಸೇರಿದುವು. ಊರ ಮುಂದಣ ಕಲ್ಲಿನ ಮೇಲಿದ್ದ ಮಾತನ್ನು ರೈಸ್ ಅವರು ಕನ್ನಡಾಕ್ಷರದಲ್ಲಿ ಕೊಟ್ಟು, ರೋಮನ್ ಅಕ್ಷರದಲ್ಲಿಯೂ ಕೊಟ್ಟು, ಇಂಗ್ಲಿಷಿನಲ್ಲಿ ಅರ್ಥವನ್ನೂ ಬರೆದರು. ಕನ್ನಡವನ್ನರಿಯದ ದೂರದೇಶದ ಪಂಡಿತನೂ ನಮ್ಮ ಗಂಗರ ಮಣ್ಣೆಯ ಹೆಸರನ್ನು ಓದುವಂತಾಯಿತು.

ರೋಮನ್ ವರ್ಣಮಾಲೆಯಲ್ಲಿರುವುದು ೨೬ ಅಕ್ಷರ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ೪೯. ಇಪ್ಪತ್ತಾರು ಪಾತ್ರೆಗಳಲ್ಲಿ ನಾಲ್ವತ್ತೊಂಬತ್ತು ಧಾನ್ಯಗಳನ್ನು ಬೆರಕೆಯಾಗದಂತೆ ತುಂಬುವುದು ಹೇಗೆ? ವಿದ್ವಾಂಸರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಅಕ್ಷರದ ಮೇಲೆ ಗೀಟೆಳೆದರೆ ದೀರ್ಘ, ಕೆಳಗೆ ಚುಕ್ಕೆಯಿಟ್ಟರೆ ಮೂರ್ಧನ್ಯ, ಹೀಗೆ. ೧೮೯೪ರಲ್ಲಿ ಜಿನೀವಾ ನಗರದಲ್ಲಿ ಸೇರಿದ್ದ ಪ್ರಾಚ್ಯವಿದ್ಯಾ ಪಂಡಿತರ ಸಮ್ಮೇಳನವು ಇಂಥದೊಂದು ಪದ್ಧತಿಯನ್ನು ಸೂಚಿಸಿತು. ೨೦೦೧ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೫೯೧೯ ಎಂಬ ಸಂಖ್ಯೆಯ ಮಾನಕದಲ್ಲಿ ಭಾರತೀಯ ಲಿಪಿಗಳೆಲ್ಲಕ್ಕೂ ಅನ್ವಯಿಸುವ ಪದ್ಧತಿಯನ್ನು ಗೊತ್ತುಮಾಡಿತು. ಈ ಗುರುತುಗಳನ್ನು ಬಿಡದೆ ಬರೆದರೆ ಕನ್ನಡವು ರೋಮನ್ ಅಕ್ಷರಕ್ಕೆ ಹೋಗಿ ಒಂದು ಎಳ್ಳಷ್ಟೂ ಕುಂದದೆ ಮರಳಿ ಬರಬಲ್ಲುದು. ಆದರೆ ಪಂಡಿತರ ಗೀಟು ಚುಕ್ಕೆಗಳು ಬ್ಯಾಂಕಿನ ಪುಸ್ತಕಕ್ಕಾಗಲಿ ರೈಲಿನ ಚೀಟಿಗಾಗಲಿ ಬರಲಿಲ್ಲ. ತೊಂದರೆಯ ಮೂಲವು ಇಲ್ಲಿಯೇ ಇದೆ.

ಅಕ್ಷರಕ್ಕೊಂದು ಅಂಕಿ

ಗಣಕಯಂತ್ರವು ಅಕ್ಷರವನ್ನರಿಯದು, ಅದಕ್ಕೆ ತಿಳಿದಿರುವುದು ಅಂಕಿ ಮಾತ್ರ. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿಯನ್ನು ನಿಗದಿಮಾಡಿ, ಅಂಕಿಯನ್ನು ಯಂತ್ರದ ಒಳಗಿಟ್ಟು, ತೆರೆಯ ಮೇಲೆ ಅಕ್ಷರದ ಚಿತ್ರವನ್ನು ತೋರಿಸುವರು. ಮೊದಮೊದಲು ಈ ಅಂಕಿಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆಯಾಗಿದ್ದುವು. ಒಂದು ಯಂತ್ರದಲ್ಲಿ ಬರೆದ ಕನ್ನಡ ಕಾಗದವು ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತಿದ್ದುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು.

ಈ ಗೊಂದಲವನ್ನು ಕಳೆಯಲು ನಮ್ಮ ದೇಶದಲ್ಲಿ ‘ಇಸ್ಕಿ’ ಎಂಬ ಸಂಕೇತವು ಹುಟ್ಟಿತು. ೧೯೯೧ರಲ್ಲಿ ಅದು ಭಾರತೀಯ ಮಾನಕವೆನಿಸಿತು. ಇದನ್ನು ರೂಪಿಸಿದವರು ಒಂದು ಸೂಕ್ಷ್ಮವನ್ನು ಗ್ರಹಿಸಿದ್ದರು. ಕನ್ನಡ, ತೆಲುಗು, ನಾಗರಿ, ಬಂಗಾಳಿ, ಮಲೆಯಾಳ ಇವುಗಳ ಅಕ್ಷರಗಳು ನೋಟಕ್ಕೆ ಎಷ್ಟೇ ಬೇರೆಯಾದರೂ ಅವೆಲ್ಲವೂ ಬ್ರಾಹ್ಮಿಯೆಂಬ ಒಬ್ಬಳೇ ತಾಯಿಯ ಮಕ್ಕಳು. ಮೊದಲು ಸ್ವರ, ಬಳಿಕ ಕವರ್ಗ, ಚವರ್ಗ, ಟವರ್ಗ ಎಂಬ ಸಾಲು ಎಲ್ಲದರಲ್ಲಿಯೂ ಒಂದೇ. ಹಾಗಿರುವಾಗ ಎಲ್ಲ ಭಾಷೆಗಳ ಕಕಾರಕ್ಕೂ ಒಂದೇ ಅಂಕಿಯನ್ನು ಕೊಟ್ಟು, ಯಾವ ಲಿಪಿಯಲ್ಲಿ ಬೇಕೋ ಆ ಲಿಪಿಯಲ್ಲಿ ತೋರಿಸಿದರಾಯಿತಲ್ಲವೆ?

ಮುಂದೆ ಜಗತ್ತಿನ ಲಿಪಿಗಳೆಲ್ಲಕ್ಕೂ ಒಂದೇ ಸಂಕೇತವೆಂದು ‘ಯೂನಿಕೋಡ್’ ಬಂದಿತು. ೧೯೯೧ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇದರಲ್ಲಿ ಒಂದೊಂದು ಭಾರತೀಯ ಲಿಪಿಗೂ ಬೇರೆಬೇರೆ ಮನೆಯನ್ನು ಕೊಟ್ಟಿರುವರು. ಆದರೆ ಮನೆಯೊಳಗಿನ ಕೋಣೆಗಳ ಸಾಲನ್ನು ಇಸ್ಕಿಯಿಂದಲೇ ತೆಗೆದುಕೊಂಡರು. ಒಂದೊಂದು ಮನೆಗೂ ೧೨೮ ಕೋಣೆ. ಕನ್ನಡದ ಮನೆಯು ೩೨೦೦ರಿಂದ ಮೊದಲಾಗುತ್ತದೆ. ನಮ್ಮ ‘ಕ’ಕಾರದ ಅಂಕಿ ೩೨೨೧. ತೆಲುಗು ಕನ್ನಡಕ್ಕೆ ಹಿಂದಣ ಮನೆ. ಅಲ್ಲಿಯ ಕಕಾರದ ಅಂಕಿ ೩೦೯೩. ಒಂದನ್ನು ಇನ್ನೊಂದರಿಂದ ಕಳೆದರೆ ಉಳಿಯುವುದು ೧೨೮. ಮಲೆಯಾಳವು ಮುಂದಣ ಮನೆ. ಅಲ್ಲಿಯ ಕಕಾರ ೩೩೪೯. ಇಲ್ಲಿಯೂ ಅಂತರವು ೧೨೮. ನಾಗರಿಯು ಏಳು ಮನೆ ಹಿಂದೆ. ಅಲ್ಲಿಯ ಕಕಾರ ೨೩೨೫. ಏಳನ್ನು ೧೨೮ರಿಂದ ಗುಣಿಸಿ ವಾಚಕರೇ ಲೆಕ್ಕ ನೋಡಬಹುದು.

ಇದರಿಂದ ಒದಗುವ ಅನುಕೂಲವು ಅಲ್ಪವಲ್ಲ. ಕನ್ನಡಾಕ್ಷರದ ಬರೆಹವನ್ನು ತೆಲುಗಿಗೆ ತಿರುಗಿಸಬೇಕಾದರೆ ಯಂತ್ರಕ್ಕೆ ಹೇಳಬೇಕಾದುದು ಇಷ್ಟೆ: ಪ್ರತಿಯೊಂದು ಅಂಕಿಯಿಂದಲೂ ೧೨೮ನ್ನು ಕಳೆ. ತೆಲುಗಿನಿಂದ ಕನ್ನಡಕ್ಕಾದರೆ ೧೨೮ನ್ನು ಕೂಡು. ಮೂರನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ಹೆಸರುಗಳನ್ನೂ ಹೀಗೆ ತೆಲುಗಿಗೆ ಕಳುಹಿ ಹಿಂದಕ್ಕೆ ಕರೆದರೆ ನಾಲ್ಕೂ ಕ್ಷೇಮವಾಗಿ ಮನೆಗೆ ಬರುತ್ತವೆ. ಒಂದು ಕೊಂಬು, ಒಂದು ಒತ್ತು ಸಹ ತಪ್ಪದು.

ನಮ್ಮ ಸೀಮೆಯಲ್ಲಿ ಮನೆಮಾತು ತೆಲುಗಾಗಿದ್ದು ಓದುಬರೆಹ ಕನ್ನಡವಾಗಿರುವ ಕುಟುಂಬಗಳು ಅನೇಕವಿರುವುವು. ಅಂಥ ಮನೆಗಳಲ್ಲಿ ಅಜ್ಜಿಯು ಬರೆದಿಟ್ಟ ಹಾಡಿನ ಪುಸ್ತಕವು ಕನ್ನಡಾಕ್ಷರದ ತೆಲುಗಾಗಿರುವುದುಂಟು. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದ ನಾರೇಯಣ ಯತೀಂದ್ರರ ತತ್ತ್ವಪದಗಳಲ್ಲಿ ತೆಲುಗಿನವೂ ಕನ್ನಡದವೂ ಇವೆ. ಅವನ್ನು ಕನ್ನಡಾಕ್ಷರದಲ್ಲಿ ಓದಿ ಹಾಡುವ ಭಜನೆಯ ಮಂಡಳಿಗಳು ಈ ಕಡೆ ಉಂಟು. ಮೊಮ್ಮಗನು ಹೈದರಾಬಾದಿನಲ್ಲಿ ಬೆಳೆದು ತೆಲುಗು ಲಿಪಿಯನ್ನು ಮಾತ್ರ ಓದಬಲ್ಲವನಾಗಿದ್ದರೆ, ಅಜ್ಜಿಯ ಪುಸ್ತಕವನ್ನು ಒಂದು ಸಲ ಯಂತ್ರದಲ್ಲಿ ಕನ್ನಡದಲ್ಲಿಯೇ ಬರೆಯಿಸಿದರೆ ಸಾಕು. ಅದು ನಿಮಿಷಮಾತ್ರದಲ್ಲಿ ಅವನ ಅಕ್ಷರವಾಗುವುದು. ನೂರಕ್ಕೂ ಮಿಕ್ಕ ಲಿಪಿಗಳ ನಡುವೆ ಇಂಥ ಪರಿವರ್ತನೆಯನ್ನು ಮಾಡಿಕೊಡುವ ‘ಅಕ್ಷರಮುಖ’ ಎಂಬ ಸಾಧನವನ್ನು ವಿನೋದ್ ರಾಜನ್ ಎಂಬ ವಿದ್ವಾಂಸರು ರಚಿಸಿ ಯಾರು ಬೇಕಾದರೂ ಬಳಸುವಂತೆ ಬಿಟ್ಟಿರುವರು.

ಖಾಲಿ ಕೋಣೆಗಳು

ಇಷ್ಟು ಸುಲಭವಾದರೆ ತೊಂದರೆಯೆಲ್ಲಿಂದ ಬಂದಿತು? ಸೋದರಿಯರಾದರೂ ಎಲ್ಲರ ಒಡವೆಯೂ ಒಂದೇ ಆಗಿರುವುದಿಲ್ಲವಷ್ಟೆ. ತಮಿಳಿನ ಮನೆಯಲ್ಲಿ ಕಕಾರಕ್ಕೂ ಙಕಾರಕ್ಕೂ ನಡುವೆ ಖ, ಗ, ಘ ಇಲ್ಲ. ಆ ಕೋಣೆಗಳು ಖಾಲಿ. ದ, ಡ, ಬ ಇವುಗಳ ಕೋಣೆಗಳೂ ಖಾಲಿ. ಆದುದರಿಂದ ಬರಿಯ ಕಳೆಯುವ ಲೆಕ್ಕದಿಂದ ದೊಡ್ಡಬಳ್ಳಾಪುರವನ್ನು ತಮಿಳಿಗೆ ಕಳುಹಿದರೆ ಮೊದಲಕ್ಷರವೇ ಯಾರೂ ಇಲ್ಲದ ಮನೆಯ ಬಾಗಿಲನ್ನು ತಟ್ಟುವುದು. ಕ್ರಮವಿಧಿಯನ್ನು, ಎಂದರೆ ಯಂತ್ರವು ಅನುಸರಿಸಬೇಕಾದ ಪ್ರೋಗ್ರಾಮನ್ನು ಬರೆಯುವವರು ಇದನ್ನರಿತು, ದಕಾರಕ್ಕೆ ತಕಾರವನ್ನೂ ಬಕಾರಕ್ಕೆ ಪಕಾರವನ್ನೂ ಕೊಡು ಎಂದು ವಿಧಿಸುವರು. ತಮಿಳನ್ನೋದುವವನು ಸಂದರ್ಭವನ್ನು ನೋಡಿ ಸರಿಯಾಗಿಯೇ ಉಚ್ಚರಿಸಬಹುದು. ಆದರೆ ಅದೇ ಬರೆಹವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿದರೆ ದೊರೆಯುವುದು ‘ತೊಟ್ಟಪಳ್ಳಾಪುರ’.

ನಾಗರಿಯದು ಇನ್ನೊಂದು ಬಗೆ. ಹಿಂದಿಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವವನ್ನು ಬರೆಯುವ ರೂಢಿಯಿಲ್ಲ. ಸಂಕೇತದಲ್ಲಿ ಆ ಅಕ್ಷರಕ್ಕೆ ಕೋಣೆಯಿದ್ದರೂ ಓದುವವನಿಗೆ ಅದು ಅಪರಿಚಿತ. ಆದುದರಿಂದ ಹೊಸಕೋಟೆಯು ನಾಗರಿಗೆ ಹೋಗಿ ಬಂದರೆ ‘ಹೋಸಕೋಟೇ’ ಆಗುವುದು. ಳಕಾರವನ್ನು ಮರಾಠಿಯವರು ಬಲ್ಲರು, ಹಿಂದಿಯವರು ಸಾಮಾನ್ಯವಾಗಿ ಬರೆಯರು. ಒಂದೊಂದು ಲಿಪಿಯೂ ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯುತ್ತದೆ. ತಮಿಳು ಳಕಾರವನ್ನೂ ಹ್ರಸ್ವ ಎಕಾರವನ್ನೂ ಕಾಪಾಡಿ ದಕಾರವನ್ನು ಕಳೆದರೆ, ಹಿಂದಿಯು ದಕಾರವನ್ನು ಕಾಪಾಡಿ ಅವೆರಡನ್ನೂ ಕಳೆಯುವುದು.

ಇನ್ನು ಲೆಕ್ಕವೇ ತಪ್ಪಿದ ಒಂದು ಉದಾಹರಣೆಯನ್ನು ಹೇಳದೆ ಮುಂದುವರಿಯಲಾರೆವು. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿದ್ದಿತೆಂದು ವಾಚಕರು ಬಲ್ಲರು. ಏಳು ಎಂಬುದು ಅಂದು ಏೞು. ಬಾಳೆ ಎಂಬುದು ಬಾೞೆ. ಯೂನಿಕೋಡಿನಲ್ಲಿ ಈ ಅಕ್ಷರವನ್ನು ೩೨೯೪ನೆಯ ಅಂಕಿಯಲ್ಲಿರಿಸಿದರು. ಆದರೆ ನಾಗರಿಯಲ್ಲಿ ಅದೇ ಸಾಲಿನ ಕೋಣೆಯು ಉರ್ದು ಮಾತುಗಳಲ್ಲಿ ಬರುವ ‘ಫ಼’ ಎಂಬ ಧ್ವನಿಗೆ ಸೇರಿದ್ದು. ಕನ್ನಡದ ೞಕಾರಕ್ಕೂ ಸಂಕೇತದ ಪಟ್ಟಿಯಲ್ಲಿ ಆ ಧ್ವನಿಯ ಹೆಸರನ್ನೇ ಬರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ಕಟ್ಟುಪಾಡು. ಹೀಗಾಗಿ ತಪ್ಪು ಹೆಸರು ಹಾಗೆಯೇ ನಿಂತು, ಸರಿಯಾದ ಹೆಸರನ್ನು ಪರ್ಯಾಯವೆಂದು ಪಕ್ಕದಲ್ಲಿ ಸೇರಿಸಬೇಕಾಯಿತು. ಇದನ್ನರಿಯದೆ ಬರಿಯ ಲೆಕ್ಕದ ಮೇಲೆ ಹಳೆಯ ಶಾಸನದ ಬಾೞೆಯನ್ನು ನಾಗರಿಗೆ ತಿರುಗಿಸಿದರೆ ಅದು ‘ಬಾಫೆ’ ಎಂದಾಗುವುದು! ತೆಲುಗಿಗೂ ಇದೇ ಅಕ್ಷರವನ್ನು ೨೦೧೪ರಲ್ಲಿ ಸೇರಿಸಿದರು. ಆದರೆ ಬೇರೊಂದು ಕೋಣೆಯಲ್ಲಿ. ಅಲ್ಲಿಯೂ ೧೨೮ರ ಲೆಕ್ಕವು ಕೂಡಿಬರದು. ಆದುದರಿಂದ ಒಳ್ಳೆಯ ಕ್ರಮವಿಧಿಯಲ್ಲಿ ಸಾಮಾನ್ಯ ನಿಯಮದ ಜೊತೆಗೆ ಇಂಥ ಅಪವಾದಗಳ ಪಟ್ಟಿಯೂ ಇರತಕ್ಕದ್ದು. ವ್ಯಾಕರಣವನ್ನು ಓದಿದವರಿಗೆ ಇದು ಹೊಸದೆಂದು ತೋರದು.

ರೋಮನ್ ಅಕ್ಷರದ ಇಕ್ಕಟ್ಟು

ಸೋದರಿಯರ ನಡುವಣ ಕಥೆಯೇ ಹೀಗಾದರೆ, ಗೀಟು ಚುಕ್ಕೆಗಳಿಲ್ಲದ ರೋಮನ್ ಅಕ್ಷರದ ಪಾಡನ್ನು ಹೇಳಬೇಕೆ? ದೊಡ್ಡಬಳ್ಳಾಪುರವನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಯನ್ನು ನೋಡೋಣ: ಡಿ, ಓ, ಡಿ, ಡಿ, ಎ, ಬಿ, ಎ, ಎಲ್, ಎಲ್, ಎ, ಪಿ, ಯು, ಆರ್, ಎ. ಇದರಲ್ಲಿ ಮೊದಲನೆಯ ‘ಡಿ’ಯು ದಕಾರವೋ ಡಕಾರವೋ ಹೇಳುವಂತಿಲ್ಲ. ‘ಓ’ ಎಂಬುದು ಹ್ರಸ್ವವೋ ದೀರ್ಘವೋ ತಿಳಿಯದು. ಇಮ್ಮಡಿ ‘ಡಿ’ಗೂ ಇಮ್ಮಡಿ ‘ಎಲ್’ಗೂ ಇದೇ ಸಂಶಯ. ನಾಲ್ಕು ಕಡೆ ಬರುವ ‘ಎ’ಗೆ ಒಂದೊಂದು ಕಡೆಯೂ ಅ ಅಥವಾ ಆ, ‘ಯು’ವಿಗೆ ಉ ಅಥವಾ ಊ. ಹೀಗೆ ಒಂಬತ್ತು ಸ್ಥಳಗಳಲ್ಲಿ ದಾರಿಯು ಎರಡಾಗಿ ಒಡೆಯುವುದು. ಎರಡನ್ನು ಒಂಬತ್ತು ಸಲ ಗುಣಿಸಿದರೆ ೫೧೨. ಎಂದರೆ, ಕನ್ನಡವನ್ನರಿಯದ ಯಂತ್ರಕ್ಕೆ ಈ ಒಂದು ಊರಿನ ಹೆಸರು ಐನೂರ ಹನ್ನೆರಡು ಬಗೆಯಾಗಿ ಕಾಣುವುದು. ಅವುಗಳಲ್ಲಿ ಸರಿಯಾದುದು ಒಂದೇ.

ಸಂಶಯ ಬಂದಾಗ ಹ್ರಸ್ವವನ್ನೂ ದಂತ್ಯವನ್ನೂ ತೆಗೆದುಕೊ ಎಂದು ಯಂತ್ರಕ್ಕೆ ಸುಲಭವಾದ ಒಂದು ನಿಯಮವನ್ನು ಹೇಳಿಕೊಟ್ಟರೆ ಏನಾಗುವುದು? ನಮ್ಮ ನಾಲ್ಕು ತಾಲ್ಲೂಕುಗಳನ್ನೇ ಪರೀಕ್ಷಿಸೋಣ. ನೆಲಮಂಗಲವು ಸುಖವಾಗಿ ನೆಲಮಂಗಲವಾಗಿಯೇ ಬರುವುದು. ಅದರಲ್ಲಿ ದೀರ್ಘವೂ ಇಲ್ಲ, ಟವರ್ಗವೂ ಇಲ್ಲ, ಳಕಾರವೂ ಇಲ್ಲ. ದೊಡ್ಡಬಳ್ಳಾಪುರವು ‘ದೊದ್ದಬಲ್ಲಪುರ’ವಾಗುವುದು. ಹೊಸಕೋಟೆಯನ್ನು ಇಂಗ್ಲಿಷಿನಲ್ಲಿ ನಡುವಣ ‘ಎ’ಯನ್ನು ನುಂಗಿ ಬರೆಯುವ ವಾಡಿಕೆಯಿರುವುದರಿಂದ ಅದು ‘ಹೊಸ್ಕೊತೆ’ಯಾಗುವುದು. ದೇವನಹಳ್ಳಿಯು ‘ದೆವನಹಲ್ಲಿ’! ಟೀಪೂ ಸುಲ್ತಾನನು ಹುಟ್ಟಿದ ಊರು, ೨೦೦೮ರಿಂದ ವಿಮಾನಗಳು ಬಂದಿಳಿಯುವ ಊರು, ಗೋಡೆಯ ಮೇಲಣ ಪ್ರಾಣಿಯಾಯಿತು. ಕೇಳಿ ನಗಬಹುದು. ಆದರೆ ಹಾಳು ಹಾಲಾಗುವುದೂ, ಕಾಳು ಕಾಲಾಗುವುದೂ, ಬಳೆ ಬಲೆಯಾಗುವುದೂ ಇದೇ ದಾರಿಯಲ್ಲಿ. ಕಾಳಮ್ಮನವರು ಕಾಲಮ್ಮನವರಾದುದೂ ಹೀಗೆಯೇ.

೨೦೧೪ರ ನವೆಂಬರ್ ೧ರಂದು ರಾಜ್ಯದ ಹನ್ನೆರಡು ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಿಸಿದುದನ್ನು ವಾಚಕರು ಸ್ಮರಿಸಬಹುದು. ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂದಿತು. ಅದು ಸಂತೋಷದ ಸಂಗತಿಯೇ. ಆದರೂ ಹೊಸ ಬರೆಹದಲ್ಲಿ ಳಕಾರಕ್ಕೆ ಬರಿಯ ‘ಎಲ್’, ಊಕಾರಕ್ಕೆ ಬರಿಯ ‘ಯು’ ಇರುವುದರಿಂದ ಮೇಲಣ ನಿಯಮದ ಯಂತ್ರವು ಅದನ್ನು ‘ಬೆಂಗಲುರು’ ಎಂದೇ ಓದುವುದು. ಉಚ್ಚಾರಕ್ಕೆ ಸಮೀಪವಾಗುವುದು ಬೇರೆ. ಕಳೆದುದನ್ನು ಮರಳಿ ಪಡೆಯುವುದು ಬೇರೆ.

ಯಂತ್ರದ ಉಪಾಯಗಳು

ಕ್ರಮವಿಧಿಗಳನ್ನು ಬರೆಯುವವರು ಈ ಕಷ್ಟವನ್ನರಿಯದವರಲ್ಲ. ಒಂದು ಉಪಾಯವು ಅಕ್ಷರದ ಗಾತ್ರವನ್ನೇ ಗುರುತಾಗಿ ಬಳಸುವುದು. ರೋಮನ್ ಲಿಪಿಯಲ್ಲಿ ಚಿಕ್ಕ ಅಕ್ಷರ ದೊಡ್ಡ ಅಕ್ಷರಗಳೆಂಬ ಎರಡು ರೂಪಗಳುಂಟಷ್ಟೆ. ಚಿಕ್ಕ ‘ಎಲ್’ಗೆ ಲಕಾರ, ದೊಡ್ಡ ‘ಎಲ್’ಗೆ ಳಕಾರ, ಚಿಕ್ಕ ‘ಎನ್’ಗೆ ನಕಾರ, ದೊಡ್ಡದಕ್ಕೆ ಣಕಾರ. ಶೇಷಾದ್ರಿ ವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’ ಎಂಬ ತಂತ್ರಾಂಶದಿಂದ ಈ ಪದ್ಧತಿಯು ದೇಶ ವಿದೇಶಗಳ ಕನ್ನಡಿಗರ ಮನೆಗಳಲ್ಲಿ ಬಳಕೆಗೆ ಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೂ ಒಂದೊಂದು ಅಕ್ಷರಕ್ಕೂ ಗೊತ್ತಾದ ಕೀಲಿಯಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಬಳಸುವುದು ಅದನ್ನೇ. ಇವೆರಡರಲ್ಲಿಯೂ ಬರೆಯುವವನು ತಾನೇ ಲಕಾರವೋ ಳಕಾರವೋ ಎಂಬುದನ್ನು ನಿಶ್ಚಯಿಸುವನು. ಆದುದರಿಂದ ಏನೂ ಕಳೆಯುವುದಿಲ್ಲ.

ಯಂತ್ರವು ಓದುವಾಗ ಅನುಸರಿಸುವ ಒಂದು ಕ್ರಮವನ್ನೂ ಹೇಳಬೇಕು. ‘ಕೆ’ಯ ಮುಂದೆ ‘ಎಚ್’ ಬಂದರೆ ಅದು ಕಕಾರ ಹಕಾರಗಳಲ್ಲ, ಖಕಾರ. ಆದಕಾರಣ ಎಷ್ಟು ಉದ್ದದ ಜೋಡಿಯು ದೊರೆಯುವುದೋ ಅಷ್ಟನ್ನೂ ಒಟ್ಟಿಗೆ ತೆಗೆದುಕೊ ಎಂಬುದು ನಿಯಮ. ಅನಂತರ, ವ್ಯಂಜನದ ಮುಂದೆ ಸ್ವರವಿದ್ದರೆ ಕಾಗುಣಿತವನ್ನು ಸೇರಿಸು, ಇಲ್ಲದಿದ್ದರೆ ಅರ್ಧಾಕ್ಷರವನ್ನಾಗಿ ಮಾಡು. ನಿಯಮವು ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆ ಅಲ್ಲಲ್ಲಿ ಕಾಣುವ ‘ಹೊಸಹಳ್ಳಿ’ ಎಂಬ ಹೆಸರನ್ನು ಯಾರಾದರೂ ನಡುವಣ ‘ಎ’ಯನ್ನು ಬಿಟ್ಟು ಬರೆದರೆ, ‘ಎಸ್’ ಮತ್ತು ‘ಎಚ್’ ಜೊತೆಗೂಡಿ ಶಕಾರವಾಗಿ, ಊರು ‘ಹೊಶಲ್ಲಿ’ಯಾಗುವುದು. ಯಂತ್ರವು ಹೇಳಿದಂತೆಯೇ ಮಾಡಿತು. ಹೇಳಿದವರು ಒಂದು ಅಕ್ಷರವನ್ನು ಉಳಿತಾಯಮಾಡಿದ್ದರು.

ಈಚಿನ ಉಪಾಯವು ಬೇರೊಂದು. ಲಕ್ಷಾಂತರ ಮಾತುಗಳನ್ನು ಎರಡೂ ಲಿಪಿಗಳಲ್ಲಿ ಯಂತ್ರಕ್ಕೆ ತೋರಿಸಿ ಅಭ್ಯಾಸಮಾಡಿಸುವರು. ಮದರಾಸಿನ ಐ. ಐ. ಟಿ. ವಿದ್ಯಾಲಯದಲ್ಲಿ ನಡ���ಯುತ್ತಿರುವ ‘ಎಐಫಾರ್‌ಭಾರತ್’ ಎಂಬ ಕಾರ್ಯವು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಇಂಥ ಜೋಡಿಗಳ ಬಹು ದೊಡ್ಡ ಸಂಗ್ರಹವನ್ನು ೨೦೨೨ರಲ್ಲಿ ಹೊರತಂದಿತು. ಊರುಗಳ ಕೊನೆಯಲ್ಲಿ ಇದೇ ಅಕ್ಷರಗಳು ಬಂದಾಗ ಅದು ‘ಹಳ್ಳಿ’ಯೇ ಹೊರತು ‘ಹಲ್ಲಿ’ಯಲ್ಲವೆಂದು ಯಂತ್ರವು ನೋಡಿ ನೋಡಿ ಕಲಿಯುವುದು. ಹೀಗೆ ಕಲಿತ ಯಂತ್ರಕ್ಕೆ ದೇವನಹಳ್ಳಿಯೂ ದೊಡ್ಡಬಳ್ಳಾಪುರವೂ ಕಷ್ಟವಾಗಲಾರವು.

ಆದರೆ ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದುಂಟು. ಯಂತ್ರವು ಹೇಳುವುದು ಬಹಳ ಮಟ್ಟಿಗೆ ಹೀಗಿರಬಹುದೆಂಬ ಊಹೆಯನ್ನು. ಊರಿನ ಹೆಸರು ಸಾವಿರ ಕಡೆ ಅಚ್ಚಾಗಿರುವುದರಿಂದ ಊಹೆಯು ನಿಜವಾಗುವುದು. ಮನುಷ್ಯರ ಹೆಸರು ಹಾಗಲ್ಲ. ಕೆ, ಎ, ಎಲ್, ಎ, ಎಂ, ಎಂ, ಎ ಎಂದಿರುವ ಕಡೆ ಈಕೆ ಕಾಳಮ್ಮನೋ, ಕಲಮ್ಮನೋ, ಕಾಲಮ್ಮನೋ ಎಂಬುದನ್ನು ಬಲ್ಲವರು ಆಕೆಯನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆದವರು. ಇಲ್ಲವೆ ಸ್ವತಃ ಆಕೆ. ಕಳೆದುಹೋದ ಅಕ್ಷರವು ಕಾಗದದ ಮೇಲೆ ಎಲ್ಲಿಯೂ ಇಲ್ಲದಿರುವಾಗ ಅದನ್ನು ಎಷ್ಟೇ ಜಾಣ ಯಂತ್ರವಾದರೂ ಎಲ್ಲಿಂದ ತಂದೀತು?

ಗೃಹಸ್ಥರು ಮಾಡಬೇಕಾದುದು

೨೦೦೦ದ ಸುಮಾರಿಗೆ ನಮ್ಮ ರಾಜ್ಯದಲ್ಲಿ ‘ಭೂಮಿ’ ಎಂಬ ಯೋಜನೆಯ ಮೂಲಕ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದರು. ಸುಮಾರು ೬೭ ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳು ಹೀಗೆ ಯಂತ್ರವನ್ನು ಸೇರಿದುವು. ಪಹಣಿಯಲ್ಲಿನ ಹೆಸರು ಕನ್ನಡದ್ದು. ಶ್ಯಾನುಭೋಗರ ಕಾಲದಿಂದ ಕನ್ನಡದಲ್ಲಿ ಬಂದುದು. ಬ್ಯಾಂಕಿನ ಲೆಕ್ಕದಲ್ಲಿನ ಹೆಸರಾದರೋ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದ್ದು. ೨೦೧೦ರಿಂದ ಕೊಡಲ್ಪಡುತ್ತಿರುವ ಆಧಾರ್ ಚೀಟಿಯಲ್ಲಿ ಎರಡೂ ಲಿಪಿಗಳಿವೆ. ನೋಂದಣಿಯ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಹೆಸರಿಗೆ ಕನ್ನಡದ ರೂಪವನ್ನು ಯಂತ್ರವೇ ಊಹಿಸಿ ಎದುರಿಗೆ ಒಡ್ಡುವುದು. ಒಡ್ಡಿದುದನ್ನು ತಿದ್ದಲು ಅವಕಾಶವುಂಟು. ಆ ಒಂದು ನಿಮಿಷದಲ್ಲಿ ನಾವು ತೆರೆಯ ಕಡೆಗೆ ನೋಡದೆ ಕುಳಿತಿದ್ದರೆ, ಯಂತ್ರದ ಊಹೆಯೇ ನಮ್ಮ ಹೆಸರಾಗಿ ನಿಲ್ಲುವುದು. ಭೂಮಿಯ ಬೆಲೆಯು ಚಿನ್ನದಂತೆ ಏರಿರುವ ದೇವನಹಳ್ಳಿ ಹೊಸಕೋಟೆಗಳ ಕಡೆಯಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಕಾಗಿ ಬರುವುದು ಸಣ್ಣ ನಷ್ಟವಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರನ್ನೂ, ವಿಶೇಷವಾಗಿ ಓದುಬಾರದ ಹಿರಿಯರ ಹೆಸರನ್ನು, ಕನ್ನಡದಲ್ಲಿ ಶುದ್ಧವಾಗಿ ಬರೆದು ಒಂದು ಪುಸ್ತಕದಲ್ಲಿಡತಕ್ಕದ್ದು. ಅದರ ಪಕ್ಕದಲ್ಲಿಯೇ ಇಂಗ್ಲಿಷಿನಲ್ಲಿ ಒಂದೇ ರೂಪವನ್ನು ನಿಶ್ಚಯಿಸಿ ಬರೆದು, ಶಾಲೆಗೂ ಬ್ಯಾಂಕಿಗೂ ಕಚೇರಿಗೂ ಅದನ್ನೇ ಕೊಡತಕ್ಕದ್ದು. ಒಂದು ಕಡೆ ‘ಎ’ ಒಂದು, ಇನ್ನೊಂದು ಕಡೆ ಎರಡು ಎಂದಾಗಬಾರದು. ಎಲ್ಲಿ ಕನ್ನಡದಲ್ಲಿ ಬರೆಯಲು ಅವಕಾಶವುಂಟೋ ಅಲ್ಲಿ ಇಂಗ್ಲಿಷಿನಿಂದ ತಿರುಗಿಸಲು ಬಿಡದೆ ಕನ್ನಡದಲ್ಲಿಯೇ ಬರೆಯಿಸುವುದು ಮೇಲು. ಯಂತ್ರವು ಒಡ್ಡಿದ ಹೆಸರನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಒಪ್ಪಿಗೆ ಕೊಡಬೇಕು. ಕಣ್ಣು ತಪ್ಪಿದ ಳಕಾರವನ್ನು ಕಿವಿಯು ಹಿಡಿಯುವುದು. ಹಾಡಿನ ಪುಸ್ತಕಗಳನ್ನು ಲಿಪ್ಯಂತರ ಮಾಡಿಸಿದಾಗಲೂ ಇದೇ ಮಾತು: ಬಲ್ಲವರಿಂದ ಒಮ್ಮೆ ಹಾಡಿಸಿ ನೋಡಿರಿ, ಮೂಲದ ಪುಸ್ತಕವನ್ನು ಎಸೆಯಬೇಡಿರಿ.

ನಮ್ಮ ಮನೆಗೆ ಬಂದಿದ್ದ ತಾಯಿಯ ವಿಷಯವನ್ನು ಹೇಳಿ ಮುಗಿಸುವೆವು. ಅವರನ್ನು ಕರೆದುಕೊಂಡು ನೋಂದಣಿಯ ಸ್ಥಳಕ್ಕೆ ನಾವೇ ಹೋದೆವು. ಅಲ್ಲಿದ್ದ ಹುಡುಗಿಯು ಇಂಗ್ಲಿಷಿನ ಹೆಸರನ್ನು ಹಾಗೆಯೇ ಬಿಟ್ಟು, ಕನ್ನಡದ ಲಕಾರವನ್ನು ಅಳಿಸಿ ಳಕಾರವನ್ನು ಒತ್ತಿದಳು. ಒಂದು ಕೀಲಿಯ ಕೆಲಸ. ತೆರೆಯ ಮೇಲಿನದನ್ನು ಅವಳು ಗಟ್ಟಿಯಾಗಿ ಓದಿದಾಗ ತಾಯಿಯು ತಲೆಯಾಡಿಸಿ, “ಹೂಂ ಕಣವ್ವ, ಈಗ ನಾನು,” ಎಂದರು. ಹೊಸ ಚೀಟಿಯು ಬಂದು ಹಣವು ಕೈಸೇರುವುದಕ್ಕೆ ಮತ್ತೆರಡು ತಿಂಗಳು ಹಿಡಿಯಿತು. ಅದು ಬಂದ ದಿನ ಅವರು ಹೊಲದ ಅವರೆಕಾಯನ್ನು ಒಂದು ಮಡಿಲು ತಂದು ನಮ್ಮ ಜಗಲಿಯ ಮೇಲೆ ಸುರಿದು ಹೋದರು.